ಹೆದರಿದವರನ್ನು ಹಿಡಿಯುವ ಬಟ್ಟೆ

ಹೆದರಿದ ಮನುಷ್ಯನನ್ನು ತಾನಾಗಿಯೇ ಗಟ್ಟಿಯಾಗಿ ಹಿಡಿದುಕೊಳ್ಳುವ ಬಟ್ಟೆಯೊಂದಿದ್ದರೆ ಹೇಗೆ? ಈ ಪ್ರಶ್ನೆ ಸುಜಿತ್ ಕುಂದರನ ತಲೆಗೆ ಹೊಕ್ಕದ್ದು ಪ್ರಯೋಗಾಲಯದಲ್ಲಿ ಅಲ್ಲ, ಸ್ವಂತ ಮನೆಯ ತಾರಸಿಗೆ ಹಾಕಿದ ಏಣಿಯ ಮೇಲೆ. ಟ್ಯಾಂಕಿಯಲ್ಲಿ ನೀರಿದೆಯೋ ಇಲ್ಲವೋ ನೋಡಲು ಹತ್ತಿದವನು ಅರ್ಧದಲ್ಲಿ ಮೇಲೂ ಹೋಗಲಾರದೆ, ಕೆಳಗೂ ಇಳಿಯಲಾರದೆ ಏಣಿಯನ್ನು ಅಪ್ಪಿಕೊಂಡು ನಿಂತುಬಿಟ್ಟ. ಹೆಂಡತಿ ಅಶ್ವಿತಾ ಬಂದು ಕಾಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದಳು. ಬೇರೆ ಯಾರಾದರೂ ಆಗಿದ್ದರೆ ಇನ್ನು ಜನ್ಮದಲ್ಲಿ ಏಣಿ ಹತ್ತುವುದಿಲ್ಲ ಅಂದುಕೊಂಡು ಒಂದು ಲೋಟ ಚಾ ಕುಡಿಯುತ್ತಿದ್ದರು. ಇವನು ಎಂಜಿನಿಯರ್. ತಾನು ಏಣಿಯನ್ನು ಹಿಡಿದುಕೊಳ್ಳುವ ಬದಲು ಏಣಿಯೇ ತನ್ನನ್ನು ಹಿಡಿದುಕೊಂಡಿದ್ದರೆ ಎಂದು ಯೋಚಿಸುತ್ತಾ ಕೂತ.

ಆಗ ಕಡಲು ಕರಾವಳಿಯ ಹೆದ್ದಾರಿಯನ್ನು ಅಲ್ಲಲ್ಲಿ ನುಂಗಿ ನೀರು ಕುಡಿದಿತ್ತು. ಮಳೆಗಾಲ ಬಂದರೆ ರೈಲೂ ಸಂಶಯ. ಹಾಗಾಗಿ ಅಜ್ಜನ ಅಜ್ಜನ ಕಾಲದ ಹಾಗೆ ಮಂಗಳೂರಿನಿಂದ ಮುಂಬಯಿಗೆ ಮತ್ತೆ ಪ್ರಯಾಣಿಕರ ಹಡಗು ಓಡತೊಡಗಿತ್ತು. ಹಡಗಿನ ಹೆಸರು ‘ಕಡಲಕುವರಿ’. ಅಶ್ವಿತಾ ಅದರಲ್ಲಿ ಸುರಕ್ಷತಾ ಅಧಿಕಾರಿ. ತಿಂಗಳಲ್ಲಿ ಹದಿನೈದು ದಿನ ಅವಳು ನೀರಿನ ಮೇಲೆ, ಹದಿನೈದು ದಿನ ಮನೆಯಲ್ಲಿ. ಸುಜಿತ್ ಮಾತ್ರ ಯಾವಾಗಲೂ ನೆಲದ ಮೇಲೆ. ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿ ಕಡಲಿಗೆ ಹೆದರದವನು ಎತ್ತರಕ್ಕೆ ಹೆದರುತ್ತಾನೆ ಎಂಬ ಸಂಗತಿ ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಅವನು ಆಫೀಸಿನ ಕಿಟಕಿಯ ಪರದೆಯನ್ನು ಸದಾ ಎಳೆದೇ ಇಡುತ್ತಿದ್ದ. ಕೇಳಿದವರಿಗೆ ಬಿಸಿಲು ಎನ್ನುತ್ತಿದ್ದ.

ಅವನ ಪ್ರಯೋಗಾಲಯ ತಣ್ಣೀರುಬಾವಿಯ ಕಡೆ, ಹೊಳೆ ಕಡಲಿಗೆ ಸೇರುವ ಜಾಗದಲ್ಲಿತ್ತು. ಅಲ್ಲಿ ಆಗುತ್ತಿದ್ದ ಕೆಲಸ ಒಂದೇ. ಹಡಗಿಗೆ ಬೆಂಕಿ ಬಿದ್ದರೆ ಜನರನ್ನು ಎತ್ತರದ ಡೆಕ್ಕಿನಿಂದ ಕೆಳಗೆ ನೀರಿನಲ್ಲಿರುವ ತೆಪ್ಪಕ್ಕೆ ಇಳಿಸಬೇಕಲ್ಲ, ಅದಕ್ಕೆ ಬಟ್ಟೆಯ ಉದ್ದನೆಯ ಕೊಳವೆ ಇಳಿಬಿಡುತ್ತಾರೆ. ಒಳಗೆ ಹೊಕ್ಕು ಮೊಣಕೈ, ಮೊಣಕಾಲು ಅಗಲಿಸಿ, ತನಗೆ ತಾನೇ ಬ್ರೇಕ್ ಹಾಕಿಕೊಳ್ಳುತ್ತಾ ಜಾರಬೇಕು. ಓದಲು ಬಹಳ ಸುಲಭ. ನಿಜವಾಗಿ ಹೆದರಿದವನಿಗೆ ತನ್ನ ಮೊಣಕೈ ಎಲ್ಲಿದೆ ಎಂಬುದೇ ಮರೆತುಹೋಗುತ್ತದೆ. ಅವನು ಧೊಪ್ಪನೆ ಬಂದು ಮೊದಲು ಇಳಿದವನ ತಲೆಯ ಮೇಲೆ ಬೀಳುತ್ತಾನೆ. ‘ಕಡಲಕುವರಿ’ಯಲ್ಲಿ ಆಗ ಇದ್ದದ್ದು ಅಂಥದೇ ಹಳೆಯ ಕೊಳವೆ. ಅಭ್ಯಾಸದ ದಿನವೇ ಅದರಲ್ಲಿ ಇಬ್ಬರು ಕಾಲು ಮುರಿದುಕೊಂಡಿದ್ದರು. ಅದರ ಬಾಯಿಯ ಹತ್ತಿರ ನಿಂತು ಜನರನ್ನು ಇಳಿಸಿ, ಕೊನೆಗೆ ತಾನೂ ಇಳಿಯಬೇಕಾದವಳು ಅಶ್ವಿತಾ. ಸುಜಿತನಿಗೆ ಊಟ ಸೇರದಿದ್ದದ್ದು ಈ ಒಂದು ವಿಷಯಕ್ಕೆ.

ಅವನೂ ಅವನ ಸಹೋದ್ಯೋಗಿ ಫರ್ಜಾನಾಳೂ ಸೇರಿ ನೇಯ್ದ ಬಟ್ಟೆಯ ಗುಟ್ಟು ಇಷ್ಟೇ: ಹೆದರಿದವನ ಮೈ ತಣ್ಣಗಾಗಿ ಬೆವರುತ್ತದೆ. ಆ ತಣ್ಣನೆಯ ಬೆವರಿನ ಉಪ್ಪು ತಾಗಿದ ಕೂಡಲೇ ಬಟ್ಟೆಯ ಎಳೆಗಳು ಕುಗ್ಗಿ ಮನುಷ್ಯನನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತವೆ. ಮೈ ಬೆಚ್ಚಗಾದರೆ ಸಡಿಲುತ್ತವೆ. ಅಂಗೈ, ಕತ್ತು, ಕೆನ್ನೆ, ಎಲ್ಲಿ ತಾಗಿದರೂ ಸಾಕು. ವೈರಿಲ್ಲ, ಸ್ವಿಚ್ಚಿಲ್ಲ. ಬೆಂಕಿ ಬಿದ್ದ ಹಡಗಿನಲ್ಲಿ ಮೊದಲು ಸುಟ್ಟುಹೋಗುವುದೇ ವೈರು ಎಂಬುದು ಸುಜಿತನ ವಾದ. ಮಳೆಯ ನೀರು, ಕಡಲಿನ ನೀರು ಬಿದ್ದರೆ ಬಟ್ಟೆ ಮೋಸ ಹೋಗದ ಹಾಗೆ ಎಲ್ಲವನ್ನೂ ಲೆಕ್ಕ ಹಾಕಿದ್ದ. ಕಾಗದದಲ್ಲಿ ಈ ಬಟ್ಟೆಯ ಕೊಳವೆಗೆ ‘ಸ್ವಸಂವೇದಿ ಜೀವರಕ್ಷಕ ಅವರೋಹಣ ನಾಳ’ ಎಂದು ಹೆಸರು. ಹಡಗಿನ ಬದಿಯಲ್ಲಿ ಬೆಳ್ಳಗೆ ಇಳಿಬಿದ್ದ ಅದನ್ನು ನೋಡಿದ ಯಾರೂ ಆ ಹೆಸರು ಹೇಳಲಿಲ್ಲ. ಸಾಕ್ಸ್ ಎಂದರು.

ಒಂದು ಸಂಜೆ ಸುಜಿತ್ ಆ ಬಟ್ಟೆಯ ಕೈಗವಸೊಂದನ್ನು ಹಾಕಿಕೊಂಡೇ ಮನೆಗೆ ಬಂದ. ದಿನವಿಡೀ ಕೈಯಲ್ಲಿದ್ದರೆ ಹೇಗಿರುತ್ತದೆ ನೋಡೋಣ ಎಂದು. ಸ್ನಾನ ಮಾಡಿ, ಟವೆಲನ್ನು ಎಂದಿನಂತೆ ಹಾಸಿಗೆಯ ಮೇಲೆ ಎಸೆದು, ಗವಸನ್ನು ಮತ್ತೆ ಏರಿಸಿಕೊಂಡು ಚಾ ಕುಡಿಯುತ್ತಾ ಕೂತಿದ್ದ. ಅಶ್ವಿತಾ ಮುಂಬಯಿಯಿಂದ ಬಂದು ಚೀಲ ಇಟ್ಟು ಕೋಣೆಗೆ ಹೋದಳು. ಹೋದ ವೇಗದಲ್ಲೇ ಹೊರಗೆ ಬಂದಳು.

“ಹೋಯ್, ಅದು ಮನುಷ್ಯರು ಮಲಗುವ ಹಾಸಿಗೆಯಾ, ಬಟ್ಟೆ ಒಣಗಿಸುವ ಬಂಡೆಯಾ?”

“ಈಗ ತೆಗೀತೇನೆ.”

“ಈಗ ತೆಗೀತೇನೆ ಅಂತ ಮದುವೆಯಾದ ವರ್ಷವೂ ಹೇಳಿದ್ದೀರಿ. ಹೊರಗೆ ಹಗ್ಗ ಉಂಟು. ಅದನ್ನು ಎಂತಕ್ಕೆ ಕಟ್ಟಿದ್ದು, ಕಾಗೆ ಕೂರ್ಲಿಕ್ಕಾ? ನಾನು ಹಡಗಿನಲ್ಲಿ ಇಡೀ ದಿನ ಒದ್ದೆಯಲ್ಲಿ ನಿಲ್ಲುದು, ಮನೆಗೆ ಬಂದರೆ ಹಾಸಿಗೆಯೂ ಒದ್ದೆ. ಎಂಜಿನಿಯರ್ ಅಂತೆ. ಒಂದು ಟವೆಲ್ ಒಣಗಿಸುವ ಬುದ್ಧಿ ಇಲ್ಲ.”

ಕೊನೆಯ ಮಾತು ಸುಜಿತನಿಗೆ ತಾಗಿತು. ಕಿವಿ ಬಿಸಿಯಾಯಿತು. ಏನೋ ಹೇಳಬೇಕೆಂದು ಕೈ ಎತ್ತಿದ. ಅಷ್ಟು ಹೊತ್ತು ಅಂಟಿಕೊಂಡಿದ್ದ ಗವಸು ಸಡಿಲವಾಗಿ ಜಾರಿ ಚಾದ ಲೋಟದೊಳಗೆ ಬಿತ್ತು. ಅವನು ಬೈಗುಳವನ್ನು ಮರೆತು ಲೋಟವನ್ನೇ ನೋಡತೊಡಗಿದ. ಇವರಿಗೆ ಬೈದು ಪ್ರಯೋಜನವಿಲ್ಲ ಎಂದುಕೊಂಡು ಅಶ್ವಿತಾ ಟವೆಲನ್ನು ತಾನೇ ಹಗ್ಗಕ್ಕೆ ಹಾಕಿದಳು.

ಮರುದಿನ ಅವನು ಫರ್ಜಾನಾಳಿಗೆ ಹೇಳಿದ, “ನಮ್ಮ ಬಟ್ಟೆಯಲ್ಲಿ ಒಂದು ದೋಷ ಉಂಟು. ಸಿಟ್ಟು ಬಂದರೆ ಮೈ ಬಿಸಿಯಾಗಿ ಹಿಡಿತ ಬಿಟ್ಟುಬಿಡ್ತದೆ.”

“ಮುಳುಗುವ ಹಡಗಿನಲ್ಲಿ ಯಾರಿಗೆ ಸರ್ ಸಿಟ್ಟು ಬರುದು?” ಎಂದಳು ಫರ್ಜಾನಾ. “ಬಂದರೂ ಸಿಟ್ಟಿನವನು ಕೈಕಾಲು ಬೀಸಿಕೊಂಡೇ ಇಳಿತಾನೆ, ಬೀಳುದಿಲ್ಲ. ಅದನ್ನು ಬಿಡಿ. ಪರೀಕ್ಷೆ ಮಾಡಿ ಒಪ್ಪಿಗೆ ಕೊಡುವವರ ಹೊಸ ನಿಯಮ ನೋಡಿದಿರಾ? ತಯಾರು ಮಾಡಿದವರೇ ಮೊದಲು ಇಳಿಬೇಕಂತೆ.”

ಸುಜಿತ್ ಎದ್ದು ಹೋಗಿ, ಮೊದಲೇ ಎಳೆದಿದ್ದ ಪರದೆಯನ್ನು ಇನ್ನೊಮ್ಮೆ ಎಳೆದ.

ಮನೆಗೆ ಈ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಅಶ್ವಿತಾ ಬಂಗುಡೆಗೆ ಮಸಾಲೆ ಸವರುತ್ತಾ ಕೇಳಿದಳು, “ನಿಮಗೆ ಆಗ್ತದಾ?”

“ಯಾಕಾಗುದಿಲ್ಲ?”

“ಏಣಿಯಲ್ಲೇ ಆಗಲಿಲ್ಲ.”

“ಏಣಿ ಬೇರೆ. ಇದು ನಾನೇ ಮಾಡಿದ್ದು.”

ಅವಳು ಮೀನನ್ನು ಬಾಣಲೆಗೆ ಹಾಕಿದಳು. ಅವನು ಇಲ್ಲ ಎಂದರೆ ಸಾಕ್ಸ್ ಒಪ್ಪಿಗೆಯಾಗುವುದಿಲ್ಲ, ‘ಕಡಲಕುವರಿ’ಗೆ ಕಾಲು ಮುರಿಯುವ ಹಳೆಯ ಕೊಳವೆಯೇ ಗತಿ, ಅದರ ಬಾಯಿಯಲ್ಲಿ ಅಶ್ವಿತಾಳೇ ನಿಲ್ಲಬೇಕು. ಇದಿಷ್ಟೂ ಇಬ್ಬರಿಗೂ ಗೊತ್ತಿತ್ತು. ಮೀನು ಮಾತ್ರ ಬಾಣಲೆಯಲ್ಲಿ ಸದ್ದು ಮಾಡುತ್ತಿತ್ತು.

ಪರೀಕ್ಷೆಗೆ ಮನುಷ್ಯರು ಬೇಕು. ತರಬೇತಿಯಾದ ಹುಡುಗರಲ್ಲ, ಎಲ್ಲ ವಯಸ್ಸಿನ ಸಾಧಾರಣ ಜನ. ಜನ ಒದಗಿಸುವ ಕೆಲಸವನ್ನು ವಹಿಸಿಕೊಂಡವಳು ಸುಜಿತನ ಡಿಂಪಲ್ ದೊಡ್ಡಮ್ಮ. ಅವಳು ಹುಟ್ಟಿದ ಕಾಲಕ್ಕೆ ಡಿಂಪಲ್ ಎಂಬುದು ಮುಂಬಯಿಯ ಫ್ಯಾಶನ್ನಿನ ಹೆಸರು. ಈಗ ಆ ಹೆಸರು ಕೇಳಿದರೆ ಊರುಗೋಲು, ಕನ್ನಡಕ, ಎಲೆಯಡಿಕೆ ಕಣ್ಣ ಮುಂದೆ ಬರುತ್ತಿತ್ತು. ಅವಳು ಒಂದು ಮಾತು ಹೇಳಿದ್ದಕ್ಕೆ ಉಳ್ಳಾಲದಿಂದ ಹೆಜಮಾಡಿಯವರೆಗಿನ ಬಂಧುಬಳಗವೆಲ್ಲ ಮದುವೆಗೆ ಬಂದ ಹಾಗೆ ಸೀರೆ ಉಟ್ಟು ಹಡಗು ಹತ್ತಿತು. ಮಧ್ಯಾಹ್ನದ ಊಟಕ್ಕೆ ಏನು ಮಾಡಿದ್ದಾರೆ ಎಂದು ವಿಚಾರಿಸಿತು.

ಪರೀಕ್ಷಕಿ ದೇಚಮ್ಮ ಕೊಡಗಿನವರು. ನೆಟ್ಟಗೆ ನಿಲ್ಲುವ, ಕಡಿಮೆ ಮಾತಿನ ಹೆಂಗಸು. “ಶುರು ಮಾಡೋಣವೇ?” ಎಂದರು.

“ಒಂದು ನಿಮಿಷ ಇರಿ ಅಮ್ಮ,” ಎಂದಳು ದೊಡ್ಡಮ್ಮ. “ಹೊಸ ಸ್ಕೂಟರ್ ತಂದರೂ ಪೂಜೆ ಮಾಡದೆ ಯಾರೂ ಹತ್ತುದಿಲ್ಲ. ಇದು ಜೀವ ಉಳಿಸುವ ಸಾಮಾನು.”

ಸುಜಿತ್ ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ, ಪೂಜೆ ಸಂಜೆಯವರೆಗೂ ನಡೆಯಲಿ ಎಂದು ಅವನ ಮನಸ್ಸಿನಲ್ಲಿತ್ತು. ಆದರೆ ದೊಡ್ಡಮ್ಮ ಚುರುಕು. ಸಾಕ್ಸಿನ ಬಾಯಿಗೆ ಅರಸಿನ ಕುಂಕುಮ ಹಚ್ಚಿ, ಊದುಬತ್ತಿ ಸುತ್ತಿಸಿ, ಡೆಕ್ಕಿನ ಕಬ್ಬಿಣಕ್ಕೆ ಕಾಯಿ ಒಡೆದು, ಆ ನೀರನ್ನು ಸ್ವಲ್ಪವೂ ಹಾಳುಮಾಡದೆ ಬಾಯಿಯ ಸುತ್ತ ಧಾರಾಳವಾಗಿ ಚಿಮುಕಿಸಿದಳು. ಮಳೆ ಲೆಕ್ಕದಲ್ಲಿತ್ತು, ಕಡಲು ಲೆಕ್ಕದಲ್ಲಿತ್ತು. ತೆಂಗಿನಕಾಯಿಯ ನೀರು ಲೆಕ್ಕದಲ್ಲಿರಲಿಲ್ಲ. ತಣ್ಣಗೆ, ಅಷ್ಟಿಷ್ಟು ಉಪ್ಪಿನಂಶವಿದ್ದ ಅದು ತಾಗಿದ್ದೇ ತಡ, ಯಾರೋ ಬಹಳ ಹೆದರಿದ್ದಾರೆ ಎಂದುಕೊಂಡ ಬಟ್ಟೆ, ಎಲೆಯಡಿಕೆ ಸಂಚಿಯ ದಾರ ಎಳೆದ ಹಾಗೆ ಬಾಯಿ ಮುಚ್ಚಿಕೊಂಡಿತು.

ದೇಚಮ್ಮ ಸಾಕ್ಸನ್ನು ನೋಡಿದರು, ಆಮೇಲೆ ಸುಜಿತನನ್ನು ನೋಡಿದರು.

“ದೇವರು ಒಪ್ಪಲಿಲ್ಲ ಅಂತ ಕಾಣ್ತದೆ,” ಎಂದ ಹಿಂದೆ ನಿಂತಿದ್ದ ಯಾವನೋ ಭಾವ.

ಸಿಹಿನೀರಿನಿಂದ ತೊಳೆದರು. ಹಡಗಿನ ಕ್ಯಾಬಿನ್ನುಗಳಲ್ಲಿದ್ದ ಹೇರ್ ಡ್ರೈಯರುಗಳನ್ನೆಲ್ಲ ತರಿಸಿ, ಸೋದರತ್ತೆಯರು ಸುತ್ತ ಕೂತು, ಬಾಣಂತಿಯ ತಲೆ ಒಣಗಿಸುವ ಶ್ರದ್ಧೆಯಿಂದ ಬಿಸಿಗಾಳಿ ಹಿಡಿದರು. ಬಟ್ಟೆ ಮೆಲ್ಲ ಬಾಯಿ ತೆರೆಯಿತು. ಸುಜಿತನಿಗೆ ಇನ್ನು ನೆಪ ಉಳಿಯಲಿಲ್ಲ.

ಅವನು ಕೆಳಗೆ ನೋಡದೆ ಕಾಲು ಇಳಿಬಿಟ್ಟ, ಕಣ್ಣು ಮುಚ್ಚಿದ, ಕೈ ಬಿಟ್ಟ. ಸ್ವಲ್ಪ ದೂರ ಜಾರಿದ. ಹಾಗೆಯೇ ನಿಂತ. ಅವನದೇ ಬಟ್ಟೆ ಅವನನ್ನು ಎಷ್ಟು ಅಕ್ಕರೆಯಿಂದ ಅಪ್ಪಿಕೊಂಡಿತೆಂದರೆ ಬೆರಳು ಅಲ್ಲಾಡಿಸಲೂ ಆಗಲಿಲ್ಲ. ಹೊರಗಿನಿಂದ ನೋಡಿದವರಿಗೆ, ಕೋಳಿ ನುಂಗಿದ ಹೆಬ್ಬಾವಿನ ಹಾಗೆ ಸಾಕ್ಸಿನ ನಡುವೆ ಒಂದು ಉಬ್ಬು ಕಾಣುತ್ತಿತ್ತು.

“ಸರ್, ಬರ್ತಾ ಇದ್ದೀರಾ?” ಎಂದು ಕೆಳಗಿನ ತೆಪ್ಪದಿಂದ ಫರ್ಜಾನಾ ಕೂಗಿದಳು.

“ಕಾಯಿನೀರು ಇನ್ನೂ ಒಣಗಲಿಲ್ಲ,” ಎಂದಿತು ಬಂಧುಬಳಗ. ದೊಡ್ಡಮ್ಮ ಬಾಯಿಯ ಹತ್ತಿರ ಬಗ್ಗಿ ಸಮಾಧಾನ ಹೇಳಿದಳು, “ಹೆದರಬೇಡ ಮಗಾ. ಬಹಳ ಎತ್ತರ ಏನಿಲ್ಲ. ಕೆಳಗೆ ನೀರು ಮಾತ್ರ ಇರುದು.”

ಉಬ್ಬು ಇನ್ನೂ ಬಿಗಿಯಾಯಿತು.

ಅಶ್ವಿತಾ ಸಮವಸ್ತ್ರದಲ್ಲಿ ಅಲ್ಲೇ ನಿಂತಿದ್ದಳು. ತೆಂಗಿನಕಾಯಿಯ ತಪ್ಪು ಅಲ್ಲವೆಂದು ಗೊತ್ತಿದ್ದವಳು ಅವಳೊಬ್ಬಳೇ. ಒಂದು ಒಳ್ಳೆಯ ಮಾತು ಹೇಳೋಣವೆಂದು ಬಗ್ಗಿದಳು. ಆಗ, ಆ ಸಂಜೆ ತಾನು ಬೈದಾಗ ಚಾದ ಲೋಟದೊಳಗೆ ಜಾರಿ ಬಿದ್ದ ಕೈಗವಸು ನೆನಪಾಯಿತು. ಅವಳು ದೊಡ್ಡಮ್ಮನನ್ನು ಪಕ್ಕಕ್ಕೆ ಸರಿಸಿ ಒಳಗೆ ತಲೆ ಹಾಕಿದಳು.

“ಹೋಯ್, ಇದಾ ನೀವು ಇಷ್ಟು ವರ್ಷ ನೇಯ್ದದ್ದು? ಇದಕ್ಕಿಂತ ನನ್ನ ಅಪ್ಪನ ಬಲೆ ಒಳ್ಳೆದಿತ್ತು.”

ಉಬ್ಬು ಇದ್ದಲ್ಲೇ ಇತ್ತು.

“ಹರಿದ ಬಲೆಯೇ ಸಾಕಿತ್ತು. ಅದನ್ನು ಕಟ್ಟಿ ಇಳಿಬಿಟ್ಟಿದ್ದರೆ ಜನ ಇಷ್ಟು ಹೊತ್ತಿಗೆ ಇಳಿದು ಕೈತೊಳೆದು ಊಟಕ್ಕೆ ಕೂರ್ತಿದ್ದರು. ಬಟ್ಟೆ ಅಂತೆ. ಹೊದೀಲಿಕ್ಕೂ ಆಗುದಿಲ್ಲ, ನೆಲ ಒರೆಸ್ಲಿಕ್ಕೂ ಆಗುದಿಲ್ಲ.”

“ಎಂತ ಹೇಳಿದೆ?” ಒಳಗಿಂದ ಸಣ್ಣ ದನಿ.

“ನೆಲ ಒರೆಸ್ಲಿಕ್ಕೂ ಆಗುದಿಲ್ಲ ಅಂದೆ. ಅಪ್ಪನ ಬಲೆ—”

“ನಿನ್ನ ಅಪ್ಪನ ಬಲೆಯಾ? ನಿನ್ನ ಅಪ್ಪನ ಬಲೆಯಲ್ಲಿ ಒಂದು ಬಂಗುಡೆ ನೆಟ್ಟಗೆ ನಿಲ್ತಿರಲಿಲ್ಲ, ಇಡೀ ಊರಿಗೆ ಗೊತ್ತುಂಟು, ಆ ಬಲೆಯನ್ನು ನನ್ನ ಬಟ್ಟೆಗೆ ಹೋಲಿಸ್ತೀಯಾ, ಅದರ ಒಂದೊಂದು ಎಳೆಗೆ—”

ಮಾತು ಮೇಲಿನಿಂದ ಕೆಳಕ್ಕೆ ಹೋಗುತ್ತಿದ್ದದ್ದು ಎಲ್ಲರಿಗೂ ಕೇಳಿಸಿತು. ಉಳಿದ ಅರ್ಧ ವಾಕ್ಯವನ್ನು ಸುಜಿತ್ ತೆಪ್ಪದಲ್ಲಿ, ಫರ್ಜಾನಾಳ ಕಾಲ ಬುಡದಲ್ಲಿ ಕೂತು ಮುಗಿಸಿದ. ಮುಗಿಸಿದ ಮೇಲೆ ಸುತ್ತ ನೋಡಿದ. ಮೇಲೆ ನೋಡಿದ. ಆಗ ಅವನಿಗೆ ನಗು ಬಂತೋ ಅಳು ಬಂತೋ ಫರ್ಜಾನಾಳಿಗೂ ಹೇಳಲಾಗಲಿಲ್ಲ.

ಅವನ ಹಿಂದೆ ಡಿಂಪಲ್ ದೊಡ್ಡಮ್ಮ ಎಲೆಯಡಿಕೆ ಜಗಿಯುತ್ತಾ ಇಳಿದು ಬಂದಳು. ಸೋದರತ್ತೆಯರು ಸೀರೆಯ ನೆರಿಗೆ ಹಿಡಿದುಕೊಂಡು ಬಂದರು. ಅಲ್ಲಲ್ಲಿ ಸಿಕ್ಕಿಕೊಂಡವರನ್ನು ಅಶ್ವಿತಾ ಬೈದು ಇಳಿಸಿದಳು. ದೇಚಮ್ಮ ಎಲ್ಲವನ್ನೂ ನೋಡಿ ಅವಳ ಹತ್ತಿರ ಬಂದರು.

“ನಿಮ್ಮ ಯಜಮಾನರನ್ನು ಹೇಗೆ ಇಳಿಸಿದಿರಿ?”

“ಬೈದೆ, ಮೇಡಂ.”

ದೇಚಮ್ಮ ಅದನ್ನು ಬರೆದುಕೊಂಡರು. “ಹಾಗಾದರೆ ಒಪ್ಪಿಗೆ ಕೊಡುತ್ತೇನೆ. ಆದರೆ ಬೈಯುವ ವ್ಯವಸ್ಥೆಯೂ ಇದರ ಜೊತೆಗೇ ಇರಬೇಕು.”

ಹೀಗೆ ಜಗತ್ತಿನಲ್ಲಿ ಮೊದಲ ಬಾರಿಗೆ ಒಂದು ಜೀವರಕ್ಷಕ ಸಾಧನಕ್ಕೆ ಬೈಯುವ ಪೆಟ್ಟಿಗೆ ಹೊಲಿಯಲಾಯಿತು. ಬ್ಯಾಟರಿಯ ಸಣ್ಣ ಪೆಟ್ಟಿಗೆ. ಯಾರಾದರೂ ನಡುವೆ ನಿಂತರೆ ಭಾರ ಗೊತ್ತಾಗಿ ಅದು ಬಾಯಿ ತೆರೆಯುತ್ತದೆ, ಬಟ್ಟೆ ಎಲ್ಲಿ ಬಿಗಿದಿದೆ ಎಂದು ದಡಕ್ಕೂ ಸುದ್ದಿ ಕಳಿಸುತ್ತದೆ. ದನಿ ಅಶ್ವಿತಾಳದ್ದೇ. ಕನ್ನಡ, ತುಳು, ಕೊಂಕಣಿ, ಬ್ಯಾರಿ, ಹಿಂದಿ, ಮರಾಠಿಯಲ್ಲಿ ಬೈಗುಳ ತಯಾರಾಯಿತು. ಆದರೆ ಧ್ವನಿಮುದ್ರಣದ ದಿನ, ಎದುರಿಗೆ ಯಾರೂ ಇಲ್ಲದೆ ಅವಳಿಗೆ ಬೈಯಲಿಕ್ಕೇ ಬರಲಿಲ್ಲ. ಮೈಕಿನ ಮುಂದೆ ನಿಂತು “ದಯವಿಟ್ಟು ಇಳಿಯಿರಿ” ಎಂದಳು. ಕೊನೆಗೆ ಫರ್ಜಾನಾ ಒಂದು ಟವೆಲನ್ನು ನೀರಿಗೆ ಅದ್ದಿ ಎದುರಿನ ಕುರ್ಚಿಯ ಮೆತ್ತೆಯ ಮೇಲೆ ಹಾಕಿದಳು. ಆಮೇಲೆ ಮುದ್ರಣವನ್ನು ನಿಲ್ಲಿಸುವುದೇ ಕಷ್ಟವಾಯಿತು.

ಮುಂದಿನ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಆ ದಿನ ಬಂತು. ಮುಂಬಯಿಗೆ ಹೊರಟಿದ್ದ ‘ಕಡಲಕುವರಿ’ ಭಟ್ಕಳ ದಾಟುವಷ್ಟರಲ್ಲಿ ಎಂಜಿನ್ ಕೋಣೆಗೆ ಬೆಂಕಿ ಬಿತ್ತು. ಮಂಗಳೂರಿನ ನಿಯಂತ್ರಣ ಕೊಠಡಿಯಿಂದ ಕರೆ ಬಂದಾಗ ಸುಜಿತ್ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದ. ಅದನ್ನು ಹಾಗೆಯೇ ಬಿಟ್ಟು ಫರ್ಜಾನಾಳ ಜೊತೆ ಅಲ್ಲಿಗೆ ಓಡಿದ. ಗೋಡೆಯ ಪರದೆಯಲ್ಲಿ ಎರಡು ಸಾಕ್ಸ್‌ಗಳ ಚಿತ್ರ. ಎಲ್ಲಿ ಎಷ್ಟು ಬಿಗಿ, ಎಷ್ಟು ಸಡಿಲ ಎಂದು ತೋರಿಸುವ ಕೆಂಪು, ಹಸಿರು ಗೆರೆಗಳು. ತೆಪ್ಪದ ರೇಡಿಯೋದಿಂದ ಗಲಾಟೆ ಕೇಳಿಸುತ್ತಿತ್ತು.

ಹೆಚ್ಚು ಭಯವಾದಲ್ಲಿ ಕೆಂಪು ಬರುತ್ತಿತ್ತು, ಪೆಟ್ಟಿಗೆ ಬೈಯುತ್ತಿತ್ತು, ಗೆರೆ ಹಸಿರಾಗುತ್ತಿತ್ತು, ಇನ್ನೊಬ್ಬರು ತೆಪ್ಪಕ್ಕೆ ಬೀಳುತ್ತಿದ್ದರು. ಬಿದ್ದವರೆಲ್ಲ ಕೇಳುತ್ತಿದ್ದದ್ದು ಒಂದೇ: ಆ ಹೆಂಗಸು ಯಾರು? ಒಬ್ಬ ವಕೀಲರು ಅವಳ ಮೇಲೆ ದಾವೆ ಹೂಡುತ್ತೇನೆಂದು ತೆಪ್ಪದಲ್ಲೇ ಘೋಷಿಸಿದರು. ಯಾರೂ ಕಾಲು ಮುರಿದುಕೊಳ್ಳಲಿಲ್ಲ, ಯಾರೂ ಒಬ್ಬರ ಮೇಲೊಬ್ಬರು ಬೀಳಲಿಲ್ಲ. ಡೊಂಬಿವಿಲಿಯ ಮಗಳ ಮನೆಗೆ ಹೊರಟಿದ್ದ ಡಿಂಪಲ್ ದೊಡ್ಡಮ್ಮನೂ ಇಳಿದು ರೇಡಿಯೋದ ಪಕ್ಕದಲ್ಲೇ ಜಾಗ ಹಿಡಿದಿದ್ದಳು. ಇನ್ನೊಂದು ಬದಿಯಿಂದ ಕ್ಯಾಪ್ಟನ್ ಇಳಿದರು. ಈ ಬದಿಯಲ್ಲಿ ಉಳಿದವಳು ಅಶ್ವಿತಾ ಒಬ್ಬಳೇ.

ಅವಳು ಇಳಿದಳು. ಗೆರೆ ಹಸಿರಿತ್ತು. ಅರ್ಧಕ್ಕೆ ಬಂತು. ಕೆಂಪಾಯಿತು. ನಿಂತಿತು.

ಜನರನ್ನು ಇಳಿಸುವಷ್ಟು ಹೊತ್ತು ಅವಳಿಗೆ ಹೆದರಲು ಪುರುಸೊತ್ತಿರಲಿಲ್ಲ. ಕೆಲಸ ಮುಗಿದು, ಸಾಕ್ಸಿನೊಳಗಿನ ಕತ್ತಲೆಯಲ್ಲಿ ಒಬ್ಬಳೇ ಆದಮೇಲೆ, ಅಷ್ಟು ಹೊತ್ತು ಬಾಗಿಲ ಹೊರಗೆ ಕಾದಿದ್ದ ಭಯವೆಲ್ಲ ಒಟ್ಟಿಗೆ ನುಗ್ಗಿತ್ತು. ಪೆಟ್ಟಿಗೆ ತನ್ನ ಕೆಲಸ ಶುರು ಮಾಡಿತು. ಅಶ್ವಿತಾಳ ದನಿ ಅಶ್ವಿತಾಳಿಗೇ ಬೈಯಿತು. ಅವಳಿಗೆ ಒಂದು ಚೂರೂ ತಾಗಲಿಲ್ಲ.

“ಮಗಾ, ಮೇಲಿನ ಡೆಕ್ಕಿಗೆ ಹೊಗೆ ಬಂತು,” ಎಂದಳು ದೊಡ್ಡಮ್ಮ ರೇಡಿಯೋದಲ್ಲಿ. “ಮೇಲೆ ಕಟ್ಟಿದ್ದು ಸುಟ್ಟು ಹೋಗುವ ಮೊದಲು ಅವಳು ಬರಬೇಕಂತೆ. ನೀನು ಮಾತಾಡು.”

ಸುಜಿತ್ ಮೈಕ್ ಹಿಡಿದ. ಅವಳ ಭುಜಕ್ಕೂ ಒಂದು ರೇಡಿಯೋ ಸಿಕ್ಕಿಸಿತ್ತು. “ಅಶ್ವಿ.”

“ನನ್ನ ಕೈ ತಣ್ಣಗಾಗಿದೆ ಮಾರಾಯ್ರೆ,” ಎಂದಿತು ಒಂದು ದನಿ. ಅಷ್ಟು ಸಣ್ಣ ದನಿ ಅವಳಿಗಿದೆಯೆಂದು ಅವನಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. “ನನಗೆ ಆಗ್ತಾ ಇಲ್ಲ.”

“ಹೆದರಬೇಡ. ನಾನಿದ್ದೇನೆ.”

ಕೆಂಪು ಇನ್ನೂ ಕಡುವಾಯಿತು. ಪಕ್ಕದಲ್ಲಿದ್ದ ಫರ್ಜಾನಾ ಅವನ ತೋಳು ಹಿಡಿದು ಅಲ್ಲಾಡಿಸಿದಳು. “ಸಮಾಧಾನ ಮಾಡಬೇಡಿ ಸರ್. ಬೈಯಿರಿ.”

ಬೈಯುವುದು. ಮದುವೆಯಾದಾಗಿನಿಂದ ಆ ಮನೆಯಲ್ಲಿ ಆ ಖಾತೆ ಅವಳದು. ಸುಜಿತ್ ಗಂಟಲು ಸರಿಮಾಡಿಕೊಂಡ. “ಅಶ್ವಿ, ನೀನು... ನೀನು ಕೆಲವು ಸಲ ಸ್ವಲ್ಪ ಜೋರು.”

“ಹೌದು,” ಎಂದಿತು ಸಣ್ಣ ದನಿ. “ನಾನು ಸುಮ್ಮನೆ ನಿಮಗೆ ಅಷ್ಟೆಲ್ಲ ಬೈಬಾರದಿತ್ತು.”

“ಇದೆಂತ ಬೈಯುದಾ, ಮುದ್ದು ಮಾಡುದಾ?” ಎಂದು ದೊಡ್ಡಮ್ಮ ರೇಗಿದಳು. “ಅವಳಿಗೆ ಮೈ ಉರಿಯುವಂಥದ್ದು ಒಂದು ಹೇಳು.”

“ನಿನ್ನ ಅಪ್ಪನ ಬಲೆ...” ಎಂದ ಸುಜಿತ್.

“ಅದು ಹರಿದೇ ಇತ್ತು,” ಎಂದಳು ಅಶ್ವಿತಾ. ಅವಳು ಅಳುತ್ತಿದ್ದಳು.

ಸುಜಿತನಿಗೆ ಅವಳು ಇಲ್ಲದ ಮನೆ, ಅವಳು ಇಲ್ಲದ ಅಡುಗೆಕೋಣೆ, ಯಾರೂ ಮಾತಾಡದ ಒಂದು ಹಾಸಿಗೆ ಕಣ್ಣಿಗೆ ಕಟ್ಟಿತು. ಹಾಸಿಗೆ. ಅವನು ಮೈಕನ್ನು ಬಾಯಿಗೆ ಒತ್ತಿ ಹಿಡಿದ.

“ಅಶ್ವಿ, ಬೆಳಿಗ್ಗೆ ಸ್ನಾನ ಮಾಡಿ ಟವೆಲ್ ಹಾಸಿಗೆ ಮೇಲೆ ಹಾಕಿ ಬಂದೆ.”

“ಎಂತ?” ಎಂದಳು ಅಶ್ವಿತಾ.

“ಟವೆಲ್. ಹಾಸಿಗೆ ಮೇಲೆ.”

“ಯಾವ ಬದಿಗೆ?”

“ನಿನ್ನ ಬದಿಗೆ. ದಿಂಬಿನ ಮೇಲೆ. ಹಿಂಡಲೂ ಇಲ್ಲ.”

ಕೆಂಪು ಗೆರೆ ಒಮ್ಮೆ ಮಿಣುಕಿತು.

“ಹೊಸ ಚಾದರ ಹಾಕಿ ಬಂದಿದ್ದೆ,” ಎಂದಳು ಅವಳು. ದನಿ ದಪ್ಪಗಾಗುತ್ತಿತ್ತು. “ನಾನು ಹೊರಡುವ ಮೊದಲು, ನನ್ನ ಕೈಯಾರೆ, ಇಸ್ತ್ರಿ ಮಾಡಿದ ಚಾದರ. ಇಲ್ಲಿ ನಾನು ಬೆಂಕಿಯಲ್ಲಿ ಬೇಯ್ತಾ ಇದ್ದೇನೆ, ಅಲ್ಲಿ ನಿಮಗೆ ಒಂದು ಟವೆಲ್ ಹಗ್ಗಕ್ಕೆ ಹಾಕ್ಲಿಕ್ಕೆ ಕೈಗೆ ಲಕ್ವ ಹೊಡೆದಿತ್ತಾ? ದಿಂಬು ಒದ್ದೆಯಾದರೆ ಹತ್ತಿ ಕೊಳೀತದೆ ಅಂತ ಎಷ್ಟು ಸಲ, ಎಷ್ಟು ಸಲ, ನಿಮಗೆ—”

ಗೆರೆ ಹಸಿರಾಯಿತು. ಧೊಪ್ ಎಂದು ಏನೋ ಬಿದ್ದ ಸದ್ದು.

“ಬಂದಳು,” ಎಂದಳು ದೊಡ್ಡಮ್ಮ. “ಇನ್ನೂ ಬೈತಾ ಇದ್ದಾಳೆ. ಮುಗಿದ ಮೇಲೆ ಕೊಡ್ತೇನೆ.”

ಸುಜಿತ್ ಮೈಕನ್ನು ಮೇಜಿನ ಮೇಲಿಟ್ಟು ಅದರ ಪಕ್ಕದಲ್ಲೇ ತಲೆಯಿಟ್ಟು ಅತ್ತ. ಫರ್ಜಾನಾ ಎದ್ದು ಹೋಗಿ ಕಿಟಕಿಯ ಪರದೆ ಸರಿಪಡಿಸುತ್ತಾ ನಿಂತಳು.

ಮರುದಿನ ಸಂಜೆ ಅಶ್ವಿತಾ ಮನೆಗೆ ಬಂದಳು. ಹೊಗೆಯ ವಾಸನೆ ಇನ್ನೂ ಕೂದಲಿನಲ್ಲಿತ್ತು. ಬಾಗಿಲಲ್ಲಿ ಕಾದು ನಿಂತಿದ್ದ ಗಂಡನ ಮುಖ ನೋಡದೆ ನೇರ ಕೋಣೆಗೆ ಹೋದಳು. ಇಸ್ತ್ರಿ ಮಾಡಿದ ಚಾದರ ಹಾಕಿದ ಹಾಗೆಯೇ ಇತ್ತು. ದಿಂಬನ್ನು ಒತ್ತಿ ನೋಡಿದಳು, ತಿರುಗಿಸಿ ನೋಡಿದಳು. ಒಣಗಿಯೇ ಇತ್ತು. ಕಿಟಕಿಯಿಂದ ಹೊರಗೆ ನೋಡಿದರೆ ಟವೆಲ್ ಹಗ್ಗದ ಮೇಲೆ, ಎರಡು ಕ್ಲಿಪ್ ಸಿಕ್ಕಿಸಿಕೊಂಡು, ಗಾಳಿಗೆ ಆಡುತ್ತಿತ್ತು.

“ಸುಳ್ಳು ಹೇಳಿದ್ದಾ?”

“ಹೌದು.”

“ನಿನ್ನೆ ಬೆಳಿಗ್ಗೆ ಹಗ್ಗಕ್ಕೇ ಹಾಕಿದ್ದಾ?”

“ನೀನು ಹಡಗಿಗೆ ಹೋದ ದಿನವೆಲ್ಲ ಹಗ್ಗಕ್ಕೇ ಹಾಕುದು,” ಎಂದ ಸುಜಿತ್. “ಹಾಸಿಗೆ ಮೇಲೆ ಹಾಕಿದರೆ ಬೈಲಿಕ್ಕೆ ಯಾರಿದ್ದಾರೆ ಇಲ್ಲಿ?”

ಅಶ್ವಿತಾ ಹೊರಗೆ ಹೋಗಿ ಟವೆಲ್ ತೆಗೆದಳು. ಬಚ್ಚಲುಮನೆಯಲ್ಲಿ ಬಕೆಟ್ಟಿಗೆ ಅದ್ದಿದ ಸದ್ದು ಕೇಳಿಸಿತು. ನೀರು ತೊಟ್ಟಿಕ್ಕಿಸುತ್ತಾ ಬಂದು ಅದನ್ನು ಅವನ ದಿಂಬಿನ ಮೇಲೆ ಹರಡಿದಳು.

“ಈಗ ಬೈಯಿರಿ ನೋಡುವ,” ಎಂದಳು.

ಸುಜಿತ್ ಬಾಯಿ ತೆರೆದ. ಒಂದು ಬೈಗುಳವೂ ಬರಲಿಲ್ಲ. ಅವನು ಅವಳ ಅಂಗೈಯನ್ನು ತನ್ನ ಕೈಯಲ್ಲಿ ಹಿಡಿದು ನೋಡಿದ. ಬೆಚ್ಚಗಿತ್ತು.